ಇಂಟರ್‌ವ್ಯೂ ಕರೆಯದ ಪ್ರೋಗ್ರಾಂಗೆ ನಾವೇ ಮೇಲ್ ಬರೆಯಬಹುದಾ?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯವಳು. 2023ರಲ್ಲಿ ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿಸಿದೆ. ಆಮೇಲೆ ಒಂದು ವರ್ಷ ಪಿಎಚ್‌ಸಿಯಲ್ಲಿ ಕಡ್ಡಾಯ ಗ್ರಾಮೀಣ ಸೇವೆ ಮಾಡಿದೆ. ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯಲ್ಲಿ ಸ್ಟೆಪ್ 1 ಪಾಸ್, ಸ್ಟೆಪ್ 2 ಸಿಕೆಯಲ್ಲಿ 246. ಮಿಷಿಗನ್‌ನಲ್ಲಿ ಎರಡು ತಿಂಗಳು ಅಬ್ಸರ್ವರ್‌ಶಿಪ್ (ಆಸ್ಪತ್ರೆಯ ಕೆಲಸವನ್ನು ಜೊತೆಗಿದ್ದು ನೋಡುವುದು) ಆಗಿದೆ. ಈ ಸಲ ಅಮೆರಿಕದ 120 ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ (ಸ್ಪೆಷಲಿಸ್ಟ್ ತರಬೇತಿ) ಪ್ರೋಗ್ರಾಂಗಳಿಗೆ ಅರ್ಜಿ ಹಾಕಿದ್ದೇನೆ. ನವೆಂಬರ್ ಅರ್ಧ ಕಳೆಯಿತು. ಬಂದಿರುವುದು ಒಂದೇ ಇಂಟರ್‌ವ್ಯೂ, ಅದು ಡಿಸೆಂಬರ್ ಎರಡನೇ ವಾರ. ಹದಿನಾಲ್ಕು ಕಡೆಯಿಂದ ‘ಇಲ್ಲ’ ಅಂತ ಮೇಲ್ ಬಂತು. ಉಳಿದವರು ಏನೂ ಹೇಳಿಲ್ಲ. ಅವರಿಗೆ ನಾನೇ ಬರೆಯಬಹುದಾ? ತಪ್ಪು ತಿಳಿಯುತ್ತಾರಾ? ಫೋನ್ ಮಾಡುವುದು ಒಳ್ಳೆಯದಾ? ಅಪ್ಪನ ಸ್ನೇಹಿತರೊಬ್ಬರು ನ್ಯೂಜೆರ್ಸಿಯಲ್ಲಿ ಡಾಕ್ಟರ್. ಅವರಿಂದ ಹೇಳಿಸೋಣ ಅಂತ ಅಪ್ಪ ಅಂತಿದ್ದಾರೆ. ಹೇಳಿಕೊಳ್ಳಲು ಇರುವ ಹೊಸ ಸುದ್ದಿ ಒಂದೇ: ಅಕ್ಟೋಬರ್‌ನಲ್ಲಿ ನನ್ನದೊಂದು ಕೇಸ್ ರಿಪೋರ್ಟ್ ಜರ್ನಲ್‌ನವರು ಒಪ್ಪಿಕೊಂಡರು.

ಉತ್ತರ: ಬರೆಯಬಹುದು. ಮರ್ಯಾದೆಯಿಂದ ಒಂದು ಸಲ ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಸುಮ್ಮನಿರುವ ನೂರೈದು ಕಡೆಗೂ ಒಂದೇ ಮೇಲ್ ಕಳಿಸಿದರೆ ಆ ನೂರೈದರಲ್ಲಿ ಒಬ್ಬರೂ ಓದದೆ ಇರಬಹುದು. ಹತ್ತು, ಹೆಚ್ಚೆಂದರೆ ಹದಿನೈದು ಪ್ರೋಗ್ರಾಂ ಆರಿಸಿಕೊಳ್ಳಿ. ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆಯಿರಿ.

ಆ ಮೇಲ್‌ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಲ್ ನೋಡಿ ಯಾರೂ ಇಂಟರ್‌ವ್ಯೂ ಕೊಡುವುದಿಲ್ಲ. ಇಂಟರ್‌ವ್ಯೂ ಕೊಡುವುದು ಅರ್ಜಿ ನೋಡಿ. ನಿಮ್ಮ ಅರ್ಜಿಯನ್ನು ಇಷ್ಟು ದಿನ ಕಂಪ್ಯೂಟರ್ ಮಾತ್ರ ನೋಡಿರಬಹುದು. ಮೇಲ್ ಚೆನ್ನಾಗಿದ್ದರೆ ಅದನ್ನು ಒಬ್ಬ ಮನುಷ್ಯ ತೆರೆದು ನೋಡುತ್ತಾನೆ. ಅದರ ಕೆಲಸ ಅಷ್ಟೇ. ಹಾಗಾಗಿ ಮೇಲ್‌ನ ಪ್ರತಿ ಸಾಲೂ ‘ಈ ಹುಡುಗಿಯ ಅರ್ಜಿ ಒಮ್ಮೆ ತೆರೆಯೋಣ’ ಅನ್ನಿಸುವ ಹಾಗಿರಬೇಕು. ಬೇರೆ ಏನಿದ್ದರೂ ತೆಗೆದುಹಾಕಿ.

ನಾನೂ ಬಳ್ಳಾರಿಯಲ್ಲಿ ಓದಿ ಇದೇ ದಾರಿಯಲ್ಲಿ ಬಂದವನು. ಈಗ ಅಮೆರಿಕದ ಒಂದು ಕಮ್ಯುನಿಟಿ ಆಸ್ಪತ್ರೆಯಲ್ಲಿ ರೆಸಿಡೆಂಟ್‌ಗಳಿಗೆ ಕಲಿಸುತ್ತೇನೆ, ಅರ್ಜಿ ಓದುವ ತಂಡದಲ್ಲೂ ಇದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಈ ಸೀಸನ್‌ನಲ್ಲಿ 2025ರ ಸೆಪ್ಟೆಂಬರ್ 24ಕ್ಕೆ ಆನ್‌ಲೈನ್ ಅರ್ಜಿ ವ್ಯವಸ್ಥೆ ಎರಾಸ್‌ನಲ್ಲಿ ಅರ್ಜಿಗಳು ನಮಗೆ ಕಾಣಿಸಿದವು. ನಮ್ಮಂಥ ಮಧ್ಯಮ ಗಾತ್ರದ ಪ್ರೋಗ್ರಾಂಗೂ ಸಾವಿರಗಟ್ಟಲೆ ಬರುತ್ತವೆ. ಓದುವವರು ನಾಲ್ಕೈದು ಜನ, ಅವರಿಗೆ ವಾರ್ಡ್ ಕೆಲಸವೂ ಇದೆ. ಆದ್ದರಿಂದ ಮೊದಲು ಜರಡಿ ಹಿಡಿಯುತ್ತಾರೆ. ಸ್ಟೆಪ್ 2 ಸ್ಕೋರ್ ಇಷ್ಟಿರಬೇಕು, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು, ಓದು ಮುಗಿದು ಇಷ್ಟು ವರ್ಷದ ಒಳಗಿರಬೇಕು, ವೀಸಾ ಇಂಥದ್ದಾಗಿರಬೇಕು, ಸಿಗ್ನಲ್ (ಈ ಪ್ರೋಗ್ರಾಂ ಮೇಲೆ ಹೆಚ್ಚು ಆಸಕ್ತಿ ಇದೆ ಅಂತ ಅರ್ಜಿಯಲ್ಲೇ ಹಾಕುವ ಗುರುತು) ಕೊಟ್ಟಿರಬೇಕು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಇಲ್ಲ, ಬರೀ ಪಾಸ್-ಫೇಲ್. ಆಮೇಲೆ ಸ್ಟೆಪ್ 2 ಸಿಕೆ ಮೇಲೆ ಭಾರ ಜಾಸ್ತಿಯಾಯಿತು, ಸಿಗ್ನಲ್ ಮೇಲೂ ಜಾಸ್ತಿಯಾಯಿತು. ಜರಡಿಯಲ್ಲಿ ಕೆಳಗೆ ಬಿದ್ದ ಅರ್ಜಿ ಕೆಟ್ಟದು ಅಂತಲ್ಲ. ಅದನ್ನು ಯಾರೂ ಓದೇ ಇಲ್ಲ ಅಂತ ಮಾತ್ರ. 105 ಕಡೆಯ ಮೌನದಲ್ಲಿ ದೊಡ್ಡ ಪಾಲು ಇದೇ ಇರಬೇಕು. ನಿಮ್ಮ ಓದಿಗೆ, ನಿಮ್ಮ ವರ್ಷಗಳ ದುಡಿಮೆಗೆ ಯಾರೋ ಕೂತು ಕೊಟ್ಟ ತೀರ್ಪು ಅದು ಅಂತ ದಯವಿಟ್ಟು ತಿಳಿಯಬೇಡಿ.

ಮೌನದಲ್ಲಿ ಇನ್ನೂ ಎರಡು ಬಗೆ ಇವೆ. ಒಂದು, ಓದಿ ಬದಿಗಿಟ್ಟದ್ದು. ಬಹಳ ಪ್ರೋಗ್ರಾಂಗಳು ‘ಇಲ್ಲ’ ಅಂತ ಹೇಳುವುದೇ ಇಲ್ಲ. ಇನ್ನೊಂದು, ಓದಿ ಇಷ್ಟಪಟ್ಟು ಎರಡನೇ ಸಾಲಿನಲ್ಲಿ ಇಟ್ಟದ್ದು. ಮೊದಲು ಕರೆದವರಲ್ಲಿ ಯಾರಾದರೂ ಬರುವುದಿಲ್ಲ ಅಂದರೆ ಇವರನ್ನು ಕರೆಯುತ್ತಾರೆ. ನಿಮ್ಮ ಮೇಲ್‌ಗೆ ಬೆಲೆ ಬರುವುದು ಇಲ್ಲಿ, ಮತ್ತೆ ಜರಡಿಯಲ್ಲಿ ಸ್ವಲ್ಪದರಲ್ಲಿ ತಪ್ಪಿದ ಕಡೆ. ‘ಇಲ್ಲ’ ಅಂತ ಹೇಳಿದ ಆ ಹದಿನಾಲ್ಕು ಕಡೆಗೆ ಬರೆಯಬೇಡಿ. ‘ಯಾಕೆ ಬೇಡ ಅಂದಿರಿ’ ಅಂತ ಈಗ ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ಈ ವರ್ಷಕ್ಕೆ ಉಪಯೋಗವಿಲ್ಲ.

ಬರೆಯುವ ಮೊದಲು ಒಂದು ಸಂಜೆ ಕೂತು ನಿಮ್ಮ ಅರ್ಜಿಯನ್ನೇ ತಪಾಸಣೆ ಮಾಡಿ. ಪ್ರತಿ ಪ್ರೋಗ್ರಾಂಗೂ ಶಿಫಾರಸು ಲೆಟರ್‌ಗಳನ್ನು ಅಸೈನ್ ಮಾಡಿದ್ದೀರಾ? ಒಂದು ಪ್ರೋಗ್ರಾಂಗೆ ನಾಲ್ಕರವರೆಗೆ ಕೊಡಬಹುದು. ಲೆಟರ್ ಅಪ್‌ಲೋಡ್ ಆಗಿದ್ದರೂ ಅಸೈನ್ ಮಾಡದೆ ಬಿಟ್ಟವರನ್ನು ನೋಡಿದ್ದೇನೆ. ಯುಎಸ್‌ಎಂಎಲ್‌ಇ ಸ್ಕೋರ್ ತಡವಾಗಿ ಬಂದಿದ್ದರೆ ಟ್ರಾನ್ಸ್‌ಕ್ರಿಪ್ಟ್ ಅನ್ನು ನೀವೇ ಮತ್ತೆ ಕಳಿಸಬೇಕು, ಅದು ತಾನಾಗಿ ಹೋಗುವುದಿಲ್ಲ. ವಿದೇಶದಲ್ಲಿ ಓದಿದ ಡಾಕ್ಟರ್‌ಗಳಿಗೆ ಕೊಡುವ ಇಸಿಎಫ್‌ಎಂಜಿ ಸರ್ಟಿಫಿಕೇಟ್‌ಗೆ ಬೇಕಾದ ಒಇಟಿ ಇಂಗ್ಲಿಷ್ ಪರೀಕ್ಷೆ, ಪಾಥ್‌ವೇ ಅನ್ನುವ ಅರ್ಹತೆಯ ಹಂತ ಎಲ್ಲ ಮುಗಿದಿದೆಯಾ ನೋಡಿ. ಸ್ಪ್ಯಾಮ್ ಫೋಲ್ಡರ್ ಅನ್ನು ಸೆಪ್ಟೆಂಬರ್ ಕೊನೆಯಿಂದ ಇವತ್ತಿನವರೆಗೆ ಬೆರಳಿಟ್ಟು ನೋಡಿ. ಎರಾಸ್, ಇಂಟರ್‌ವ್ಯೂ ದಿನಾಂಕ ಗೊತ್ತುಮಾಡುವ ಥಲಾಮಸ್ ಎರಡರಲ್ಲೂ ಲಾಗಿನ್ ಆಗಿ ಇನ್‌ಬಾಕ್ಸ್ ತೆರೆಯಿರಿ. ಬಂದ ಕರೆಯೇ ಅಲ್ಲಿ ಸಿಕ್ಕಿಕೊಂಡಿದ್ದರೆ ನೂರು ಮೇಲ್ ಬರೆದು ಏನು ಮಾಡುವುದು, ಅಲ್ವಾ?

ಇನ್ನು ಯಾರಿಗೆ ಬರೆಯುವುದು. ಮೊದಲು ಸಿಗ್ನಲ್ ಕೊಟ್ಟ ಕಡೆ. ಇಂಟರ್ನಲ್ ಮೆಡಿಸಿನ್‌ನಲ್ಲಿ ನಿಮಗೆ 3 ಗೋಲ್ಡ್, 12 ಸಿಲ್ವರ್ ಸಿಗ್ನಲ್ ಇದ್ದವು. ಅವುಗಳಲ್ಲಿ ಎಷ್ಟು ಕಡೆ ಇನ್ನೂ ಮೌನ ಇದೆ ಎಣಿಸಿ. ಸಿಗ್ನಲ್ ಕೊಟ್ಟ ಅರ್ಜಿಯನ್ನು ಸಾಮಾನ್ಯವಾಗಿ ಯಾರಾದರೂ ಓದಿರುತ್ತಾರೆ, ಆದ್ದರಿಂದ ಅಲ್ಲಿಗೆ ಹೊಸ ವಿಷಯ ತಿಳಿಸಿದರೆ ಒಂದು ಅರ್ಥ ಇದೆ. ಆಮೇಲೆ ಮಿಷಿಗನ್. ನೀವು ಎರಡು ತಿಂಗಳು ಅಲ್ಲಿದ್ದಿರಿ, ಅಲ್ಲಿನ ಡಾಕ್ಟರ್ ಒಬ್ಬರು ಲೆಟರ್ ಕೊಟ್ಟಿರುತ್ತಾರೆ. ಆ ರಾಜ್ಯದಲ್ಲಿ ಅರ್ಜಿ ಹಾಕಿದ ಪ್ರೋಗ್ರಾಂಗಳು ಎಲ್ಲವೂ ಪಟ್ಟಿಗೆ ಬರಲಿ, ಪಕ್ಕದ ಒಹಾಯೋ, ಇಂಡಿಯಾನಾ ಕೂಡ. ಮೂರನೆಯದು, ನಿಮ್ಮ ಕಾಲೇಜಿನ ಸೀನಿಯರ್‌ಗಳು ಈಗ ರೆಸಿಡೆಂಟ್ ಆಗಿರುವ ಕಡೆ. ಪ್ರೋಗ್ರಾಂಗಳ ವೆಬ್‌ಸೈಟ್‌ನಲ್ಲಿ ರೆಸಿಡೆಂಟ್‌ಗಳ ಫೋಟೊ, ಕಾಲೇಜಿನ ಹೆಸರು ಇರುತ್ತದೆ. ಒಂದು ಕಾಲೇಜಿನಿಂದ ಬಂದ ಒಬ್ಬರು ಚೆನ್ನಾಗಿ ಕೆಲಸ ಮಾಡಿದ್ದರೆ ಆ ಕಾಲೇಜಿನ ಮುಂದಿನ ಅರ್ಜಿಯನ್ನು ಓದುವವರು ಗುರುತು ಹಿಡಿಯುತ್ತಾರೆ. ಇದು ನಮ್ಮ ತಂಡದಲ್ಲೂ ನಡೆಯುತ್ತದೆ.

ಇವುಗಳಲ್ಲಿ ಒಂದೂ ಹೊಂದದ ಪ್ರೋಗ್ರಾಂಗೆ ಬರೆಯುವುದನ್ನು ಬಿಡಿ. ವೆಬ್‌ಸೈಟ್‌ನಲ್ಲಿ ‘ಆಸಕ್ತಿ ತಿಳಿಸುವ ಮೇಲ್ ಕಳಿಸಬೇಡಿ’ ಅಂತ ಬರೆದಿದ್ದರೆ ಅಲ್ಲಿಗೂ ಬೇಡ, ಗೋಲ್ಡ್ ಸಿಗ್ನಲ್ ಕೊಟ್ಟಿದ್ದರೂ ಬೇಡ. ವೀಸಾ ಕೊಡದ ಕಡೆಗೆ, ಓದು ಮುಗಿದು ಇಂತಿಷ್ಟೇ ವರ್ಷ ಅಂತ ಖಡಾಖಂಡಿತವಾಗಿ ಹೇಳಿದ ಕಡೆಗೆ ಬರೆದು ಪ್ರಯೋಜನವಿಲ್ಲ. ಪ್ರೋಗ್ರಾಂನ ಸ್ವಂತ ಪುಟ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಫ್ರೀಡಾ ಪಟ್ಟಿ, ಎರಡನ್ನೂ ನೋಡಿ ಖಚಿತಪಡಿಸಿಕೊಳ್ಳಿ. ವೀಸಾ ವಿಷಯ ಬಂತು ಅಂತ ಹೇಳುತ್ತೇನೆ: 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಕೆಲಸದ ವೀಸಾ) ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಅಂತ ಅಮೆರಿಕ ಸರ್ಕಾರ ಘೋಷಿಸಿತು. ಎಚ್-1ಬಿಗೆ ಸ್ಟೆಪ್ 3 ಕೂಡ ಬೇಕು, ಅದನ್ನು ಅಮೆರಿಕಕ್ಕೆ ಹೋಗಿಯೇ ಬರೆಯಬೇಕು. ನಿಮ್ಮ ಹತ್ತಿರ ಅದಿಲ್ಲ. ಜೆ-1 (ತರಬೇತಿಗೆ ಬರುವವರ ವೀಸಾ) ಸಾಕು ಅಂತ ಮೇಲ್‌ನಲ್ಲಿ ಒಂದೇ ಸಾಲು ಬರೆಯಿರಿ, ಓದುವವರಿಗೆ ಒಂದು ಅನುಮಾನ ಕಳೆಯುತ್ತದೆ.

ಯಾವಾಗ ಅಂದರೆ, ಈಗಲೇ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನವೆಂಬರ್ ನಾಲ್ಕನೇ ಗುರುವಾರ, ಆ ವಾರ ಆಫೀಸುಗಳು ಖಾಲಿ. ಅದಕ್ಕೆ ಮೊದಲು ಕಳಿಸಿ, ಇಲ್ಲದಿದ್ದರೆ ಅದು ಮುಗಿದ ಮೇಲಿನ ಮಂಗಳವಾರ ಕಳಿಸಿ. ಹದಿನೈದು ಇಪ್ಪತ್ತು ಇಂಟರ್‌ವ್ಯೂ ಸಿಕ್ಕವರು ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸುಸ್ತಾಗಿ ಕೆಲವನ್ನು ಬಿಟ್ಟುಕೊಡುತ್ತಾರೆ. ಆಗ ಜಾಗ ಖಾಲಿಯಾಗುತ್ತದೆ. ಪ್ರೋಗ್ರಾಂನ ಆಫೀಸು ಕೆಲಸ ನೋಡುವ ಕೋಆರ್ಡಿನೇಟರ್ ಆ ಜಾಗ ತುಂಬಲು ಹೆಸರು ಹುಡುಕುವ ಹೊತ್ತಿಗೆ ನಿಮ್ಮ ಹೆಸರು ಕಣ್ಣೆದುರು ಇರಬೇಕು. ಜನವರಿ ಮಧ್ಯದ ನಂತರ ಬಹಳ ಕಡೆ ಇಂಟರ್‌ವ್ಯೂ ಮುಗಿದೇ ಹೋಗಿರುತ್ತದೆ.

ಗಡಿಯಾರದ ವ್ಯತ್ಯಾಸ ಮರೆಯಬೇಡಿ. ಈಗ ನ್ಯೂಯಾರ್ಕ್, ಮಿಷಿಗನ್ ಕಡೆ ನಿಮಗಿಂತ ಹತ್ತೂವರೆ ಗಂಟೆ ಹಿಂದೆ. ನೀವು ಸಂಜೆ ಏಳಕ್ಕೆ ಕಳಿಸಿದರೆ ಅಲ್ಲಿ ಬೆಳಿಗ್ಗೆ ಎಂಟೂವರೆ, ಆಫೀಸಿಗೆ ಬಂದ ತಕ್ಷಣ ಮೇಲೆ ಕಾಣುತ್ತದೆ. ಅವರ ಉತ್ತರ ಮಧ್ಯಾಹ್ನ ಮೂರಕ್ಕೆ ಬಂದರೆ ನಿಮ್ಮಲ್ಲಿ ರಾತ್ರಿ ಒಂದೂವರೆ. ಖಾಲಿಯಾದ ಜಾಗಕ್ಕೆ ಕರೆದರೆ ಮೊದಲು ಕ್ಲಿಕ್ ಮಾಡಿದವರಿಗೆ ದಿನಾಂಕ. ಹಾಗಾಗಿ ಇನ್ನೊಂದು ತಿಂಗಳು ರಾತ್ರಿ ಫೋನ್ ಸೈಲೆಂಟ್‌ಗೆ ಹಾಕಬೇಡಿ. ಆ ಮೇಲ್‌ಗಳಿಗೆ ಮಾತ್ರ ಬೇರೆ ರಿಂಗ್‌ಟೋನ್ ಇಟ್ಟುಕೊಳ್ಳಿ. ನೈಟ್ ಡ್ಯೂಟಿ ಇದ್ದ ದಿನ ಮನೆಯಲ್ಲಿ ನಂಬಿಕೆಯ ಒಬ್ಬರಿಗೆ ಹೇಳಿಡಿ.

ಈಗ ಮುಖ್ಯ ಮಾತು: ಏನು ಬರೆಯುವುದು. ‘ನನಗೆ ನಿಮ್ಮ ಪ್ರೋಗ್ರಾಂ ಬಹಳ ಇಷ್ಟ’ ಅನ್ನುವುದು ಸುದ್ದಿಯಲ್ಲ. ಅರ್ಜಿ ಹಾಕಿದವರೆಲ್ಲರಿಗೂ ಇಷ್ಟವೇ. ಅರ್ಜಿ ಒಮ್ಮೆ ಸಲ್ಲಿಸಿದ ಮೇಲೆ ಅನುಭವ, ಪ್ರಕಟಣೆ ಇವನ್ನು ಎರಾಸ್‌ನಲ್ಲಿ ತಿದ್ದಲು ಬರುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ನಂತರ ಆದದ್ದು ಏನೇ ಇದ್ದರೂ ಅವರಿಗೆ ಗೊತ್ತಾಗುವುದು ನಿಮ್ಮ ಮೇಲ್‌ನಿಂದ ಮಾತ್ರ. ಹೊಸ ಸುದ್ದಿ ಒಂದೇ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಒಂದು ಸಾಕು. ಜರ್ನಲ್‌ನವರು ಒಪ್ಪಿಕೊಂಡ ಕೇಸ್ ರಿಪೋರ್ಟ್ ಒಳ್ಳೆಯ ಸುದ್ದಿ. ಯಾವ ಕಾಯಿಲೆ, ಯಾವ ಜರ್ನಲ್, ನೀವು ಎಷ್ಟನೇ ಲೇಖಕಿ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ. ಇನ್ನೂ ಅಚ್ಚಾಗಿಲ್ಲದಿದ್ದರೆ ‘ಒಪ್ಪಿಗೆಯಾಗಿದೆ’ ಅಂತಲೇ ಹೇಳಿ, ‘ಪ್ರಕಟವಾಗಿದೆ’ ಅನ್ನಬೇಡಿ. ಆ ಸಣ್ಣ ವ್ಯತ್ಯಾಸವನ್ನು ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ.

ಇನ್ನೊಂದು ವಿಷಯ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಪ್ರಶ್ನೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಪಿಎಚ್‌ಸಿಯ ಆ ಒಂದು ವರ್ಷ. ಅಮೆರಿಕದ ಪ್ರೋಗ್ರಾಂ ಡೈರೆಕ್ಟರ್‌ಗೆ ಪಿಎಚ್‌ಸಿ ಅಂದರೆ ಏನು ಅಂತ ಗೊತ್ತಿಲ್ಲ. ನಮ್ಮ ರಾಜ್ಯದಲ್ಲಿ ಎಂಬಿಬಿಎಸ್ ಮುಗಿದ ಮೇಲೆ ಗ್ರಾಮೀಣ ಸೇವೆಗೆ 2012ರ ಕಾಯ್ದೆಯೊಂದು ಇದೆ ಅಂತಲೂ ಗೊತ್ತಿಲ್ಲ. ಅವರ ಕಣ್ಣಿಗೆ ಅದು 2023ಕ್ಕೂ ಇವತ್ತಿಗೂ ನಡುವಿನ ಒಂದು ಖಾಲಿ ಜಾಗ. ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪಿಎಚ್‌ಸಿ ಎಂಬುದು ನಮ್ಮ ದೇಶದ ಲೆಕ್ಕ. ಅಲ್ಲಿ ನೀವೊಬ್ಬರೇ ಡಾಕ್ಟರ್ ಆಗಿದ್ದಿರಾ? ದಿನಕ್ಕೆ ಎಷ್ಟು ಒಪಿಡಿ ನೋಡುತ್ತಿದ್ದಿರಿ? ಶುಗರ್, ಬಿಪಿ ರೋಗಿಗಳನ್ನು ತಿಂಗಳು ತಿಂಗಳು ಕರೆದು ನೋಡುತ್ತಿದ್ದಿರಾ? ಹಾವು ಕಚ್ಚಿದವರು, ಹೊಲದ ಔಷಧಿ ಕುಡಿದವರು ಬಂದಾಗ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಮೊದಲ ಅರ್ಧ ಗಂಟೆ ಏನು ಮಾಡುತ್ತಿದ್ದಿರಿ? ಇದರಲ್ಲಿ ನಿಜವಾದದ್ದನ್ನು ಎರಡು ವಾಕ್ಯದಲ್ಲಿ, ಅಂಕಿಯೊಂದಿಗೆ ಬರೆಯಿರಿ. ಡಾಕ್ಟರ್‌ಗಳು ಕಡಿಮೆ ಇರುವ ಊರುಗಳಲ್ಲಿ ಕೆಲಸ ಮಾಡುವ ಕಮ್ಯುನಿಟಿ ಪ್ರೋಗ್ರಾಂಗಳು ಹುಡುಕುವುದು ಇಂಥವರನ್ನೇ. ಅರ್ಜಿಯಲ್ಲಿ ಇದು ‘ಮೆಡಿಕಲ್ ಆಫೀಸರ್, ಒಂದು ವರ್ಷ’ ಅಂತ ಒಣಗಿ ಕೂತಿದ್ದರೆ, ಮೇಲ್‌ನಲ್ಲಿ ಅದಕ್ಕೆ ಜೀವ ಬರಲಿ. ನಮ್ಮ ಹುಡುಗರು ಹುಡುಗಿಯರು ಅಮೆರಿಕದ ಎರಡು ತಿಂಗಳ ಅಬ್ಸರ್ವರ್‌ಶಿಪ್ ಬಗ್ಗೆ ಪುಟ ತುಂಬ ಬರೆದು, ತಾವೇ ಹೊಣೆ ಹೊತ್ತು ರೋಗಿ ನೋಡಿದ ವರ್ಷವನ್ನು ಮುಚ್ಚಿಡುತ್ತಾರೆ. ಅದನ್ನು ಓದುವಾಗ ನನಗೆ ಪ್ರತಿ ಸಲ ಸಂಕಟವಾಗುತ್ತದೆ.

ಮೇಲ್ ಇಂಗ್ಲಿಷ್‌ನಲ್ಲೇ ಹೋಗಬೇಕು. ಆದರೆ ನಾವು ಶಾಲೆಯಲ್ಲಿ ಕಲಿತ ಅರ್ಜಿಯ ಇಂಗ್ಲಿಷ್ ಬೇಡ. ‘ರೆಸ್ಪೆಕ್ಟೆಡ್ ಸರ್’, ‘ಕೈಂಡ್ಲಿ ಡು ದ ನೀಡ್‌ಫುಲ್’, ‘ಯುವರ್ ಎಸ್ಟೀಮ್ಡ್ ಇನ್‌ಸ್ಟಿಟ್ಯೂಷನ್’ ಎಲ್ಲ ತೆಗೆಯಿರಿ. ತಹಶೀಲ್ದಾರರಿಗೆ ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಅಂತ ಬರೆಯುತ್ತೇವಲ್ಲ, ಅದರ ಇಂಗ್ಲಿಷ್ ಅದು. ಅಲ್ಲಿಯವರಿಗೆ ಅದರಲ್ಲಿ ವಿನಯ ಕಾಣುವುದಿಲ್ಲ, ಯಾರದೋ ನಮೂನೆ ನಕಲು ಮಾಡಿದ ಹಾಗೆ ಕಾಣುತ್ತದೆ. ‘ಡಿಯರ್ ಡಾಕ್ಟರ್’ ಅಂತ ಅವರ ಕೊನೆಯ ಹೆಸರು ಹಾಕಿ ಶುರು ಮಾಡಿದರೆ ಅದೇ ಪೂರ್ತಿ ಮರ್ಯಾದೆ. ಕಂಪ್ಯೂಟರ್‌ಗೆ ಹೇಳಿ ಬರೆಸಿದ ಮೇಲ್‌ಗಳೂ ಈಗ ಬಹಳ ಬರುತ್ತವೆ, ಹತ್ತು ಓದಿದರೆ ಹತ್ತೂ ಒಂದೇ ಥರ. ನಿಮ್ಮ ಇಂಗ್ಲಿಷ್ ಸರಳವಾಗಿದ್ದರೂ ನಿಮ್ಮದೇ ಇರಲಿ. ವ್ಯಾಕರಣ ಮಾತ್ರ ಬೇರೆಯವರಿಂದ ನೋಡಿಸಿ.

ಅದರ ಹುರುಳನ್ನು ಕನ್ನಡದಲ್ಲಿ ಬರೆದು ತೋರಿಸುತ್ತೇನೆ. ವಿವರಗಳನ್ನು ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

“ನಾನು ನಿಮ್ಮ ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಂಗೆ ಅರ್ಜಿ ಹಾಕಿದ್ದೇನೆ, ಸಿಗ್ನಲ್ ಕೂಡ ಕೊಟ್ಟಿದ್ದೇನೆ. ಅರ್ಜಿ ಕಳಿಸಿದ ಮೇಲಿನ ಒಂದು ವಿಷಯ ತಿಳಿಸಲು ಬರೆಯುತ್ತಿದ್ದೇನೆ. ಸ್ಕ್ರಬ್ ಟೈಫಸ್ ರೋಗಿಯೊಬ್ಬರ ಬಗ್ಗೆ ನಾನು ಮೊದಲ ಲೇಖಕಿಯಾಗಿ ಬರೆದ ಕೇಸ್ ರಿಪೋರ್ಟ್‌ಗೆ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಈ ರೋಗಿಯನ್ನು ನೋಡಿದ್ದು ಕರ್ನಾಟಕದ ಹಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ. ಅಲ್ಲಿ ಒಂದು ವರ್ಷ ನಾನೊಬ್ಬಳೇ ಡಾಕ್ಟರ್ ಆಗಿದ್ದೆ. ದಿನಕ್ಕೆ ಸುಮಾರು ಇಷ್ಟು ರೋಗಿಗಳನ್ನು ನೋಡುತ್ತಿದ್ದೆ. ನಿಮ್ಮ ಪ್ರೋಗ್ರಾಂನ ರೆಸಿಡೆಂಟ್‌ಗಳು ನಡೆಸುವ ಉಚಿತ ಕ್ಲಿನಿಕ್ ಬಗ್ಗೆ ಓದಿದಾಗ ಆ ಕೆಲಸವೇ ನೆನಪಾಯಿತು. ಕಳೆದ ವರ್ಷ ಮಿಷಿಗನ್‌ನಲ್ಲಿ ಎರಡು ತಿಂಗಳು ಇದ್ದೆ, ಅಲ್ಲೇ ತರಬೇತಿ ಪಡೆಯುವ ಆಸೆ ಇದೆ. ನನಗೆ ಜೆ-1 ವೀಸಾ ಸಾಕು. ಇಂಟರ್‌ವ್ಯೂ ಜಾಗ ಯಾವುದಾದರೂ ಖಾಲಿಯಾದರೆ ನನ್ನ ಅರ್ಜಿಯನ್ನು ಪರಿಗಣಿಸಿದರೆ ಕೃತಜ್ಞಳಾಗಿರುತ್ತೇನೆ.”

ಅಷ್ಟೇ. ಫೋನ್ ಪರದೆಯಲ್ಲಿ ಒಂದೂವರೆ ಪುಟ ಮೀರಬಾರದು. ಉಚಿತ ಕ್ಲಿನಿಕ್‌ನ ಸಾಲು ಉದಾಹರಣೆಗೆ ಹಾಕಿದ್ದು. ಪ್ರತಿ ಪ್ರೋಗ್ರಾಂಗೂ ಅಲ್ಲಿ ನಿಜವಾಗಿ ಇರುವುದನ್ನು ನೋಡಿ ಬೇರೆ ಬರೆಯಬೇಕು. ಅಂಥ ಒಂದು ಸಾಲು ಸಿಗದಿದ್ದರೆ ಆ ಪ್ರೋಗ್ರಾಂಗೆ ಬರೆಯಲು ನಿಮಗೆ ಕಾರಣ ಇಲ್ಲ ಅಂತಲೇ ಅರ್ಥ. ಸಬ್ಜೆಕ್ಟ್ ಸಾಲಿನಲ್ಲಿ ನಿಮ್ಮ ಹೆಸರು, ಎಎಎಂಸಿ ಐಡಿ (ಎರಾಸ್ ಅರ್ಜಿಯಲ್ಲಿರುವ ನಿಮ್ಮ ಸಂಖ್ಯೆ), ‘ಅರ್ಜಿಗೆ ಹೊಸ ಮಾಹಿತಿ’ ಅಂತ ಇರಲಿ. ಐಡಿ ಇಲ್ಲದಿದ್ದರೆ ಹುಡುಕುವ ಕೆಲಸ ಕೋಆರ್ಡಿನೇಟರ್ ತಲೆಗೆ ಬೀಳುತ್ತದೆ. ಮೇಲ್ ಪ್ರೋಗ್ರಾಂ ಡೈರೆಕ್ಟರ್ ಹೆಸರಿಗೆ ಬರೆದು, ಕೋಆರ್ಡಿನೇಟರ್‌ಗೆ ಸಿಸಿ ಮಾಡಿ. ಬಹಳ ಕಡೆ ಮೊದಲು ಓದುವುದು ಕೋಆರ್ಡಿನೇಟರೇ. ಅವರೇ ‘ಈ ಅರ್ಜಿ ನೋಡಿದಿರಾ’ ಅಂತ ಡೈರೆಕ್ಟರ್‌ಗೆ ಹೇಳುವವರು. ಅವರನ್ನು ಗುಮಾಸ್ತರ ಹಾಗೆ ಕಂಡವರ ಮೇಲ್ ಮುಂದೆ ಹೋಗುವುದಿಲ್ಲ, ಹೋಗಬಾರದು ಕೂಡ.

ನನ್ನ ವರ್ಷದಲ್ಲಿ ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ, ನೀವು ಮಾಡಬಾರದು ಅಂತ. ಮೂರು ಇಂಟರ್‌ವ್ಯೂ ಮಾತ್ರ ಬಂದಿದ್ದವು. ಹೆದರಿ ಒಂದೇ ರಾತ್ರಿ ಅರವತ್ತು ಮೇಲ್ ಕಳಿಸಿದೆ. ಒಂದನ್ನು ಕಾಪಿ ಮಾಡಿ ಆಸ್ಪತ್ರೆ ಹೆಸರು ಬದಲಿಸುತ್ತಾ ಹೋದೆ. ಒಂದು ಕಡೆ ಹೆಸರು ಬದಲಿಸುವುದು ಮರೆತಿತು. ಅದು ನಾನು ಎಲ್ಲಕ್ಕಿಂತ ಹೆಚ್ಚು ಆಸೆಪಟ್ಟ ಪ್ರೋಗ್ರಾಂ. ಬೆಳಿಗ್ಗೆ ಕಳಿಸಿದ ಮೇಲ್ ತೆರೆದಾಗ ಪಕ್ಕದ ಊರಿನ ಆಸ್ಪತ್ರೆಯ ಹೆಸರು ಕಂಡಿತು. ಅಲ್ಲಿಂದ ಏನೂ ಬರಲಿಲ್ಲ. ಉಳಿದ ಐವತ್ತೊಂಬತ್ತು ಕಡೆಯಿಂದಲೂ ಬರಲಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕನೇ ಇಂಟರ್‌ವ್ಯೂ ಒಂದು ಸಿಕ್ಕಿತು. ಆಮೇಲೆ ಒಂದು ಸಂಜೆ ನಿಧಾನವಾಗಿ ಕೂತು ಬರೆದ ನಾಲ್ಕು ಮೇಲ್‌ಗಳಲ್ಲಿ ಒಂದರಿಂದ ಸಿಕ್ಕದ್ದು ಅದು. ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ಬರೆಯಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ.

ಕಳಿಸಿದ ಮೇಲೆ ಬಿಟ್ಟುಬಿಡಿ. ಉತ್ತರ ಬರದಿದ್ದರೆ ‘ನನ್ನ ಹಿಂದಿನ ಮೇಲ್ ನೋಡಿದಿರಾ’ ಅಂತ ಕೇಳಬೇಡಿ. ನಿಜಕ್ಕೂ ಮತ್ತೊಂದು ಹೊಸ ವಿಷಯ ಇದ್ದರೆ ಮಾತ್ರ ಜನವರಿ ಮೊದಲ ವಾರ ಇನ್ನೊಮ್ಮೆ ಬರೆಯಬಹುದು. ‘ವೇಟ್‌ಲಿಸ್ಟ್‌ನಲ್ಲಿ ಇಟ್ಟಿದ್ದೇವೆ’ ಅಂತ ಉತ್ತರ ಬಂದರೆ ಎರಡು ಸಾಲಿನ ಧನ್ಯವಾದ ಹೇಳಿ, ಕೊನೇ ಗಳಿಗೆಯಲ್ಲಿ ಕರೆದರೂ ಬರುತ್ತೇನೆ ಅಂತ ತಿಳಿಸಿ.

ಫೋನ್ ಬೇಡ. ಇಂಟರ್‌ವ್ಯೂ ಕೊಟ್ಟ ಮೇಲೆ ಲಿಂಕ್ ತೆರೆಯದಿದ್ದರೆ, ದಿನಾಂಕ ಗೊಂದಲವಾದರೆ ಫೋನ್ ಮಾಡಬಹುದು. ಇಂಟರ್‌ವ್ಯೂ ಕೇಳಲು ಮಾಡಿದರೆ ಕೆಲಸದ ನಡುವೆ ತಡೆದ ಹಾಗಾಗುತ್ತದೆ. ಡೈರೆಕ್ಟರ್‌ಗಳಿಗೆ ಲಿಂಕ್ಡ್‌ಇನ್, ಇನ್‌ಸ್ಟಾಗ್ರಾಂನಲ್ಲಿ ಮೆಸೇಜ್ ಮಾಡುವುದೂ ಬೇಡ.

ಅಪ್ಪನ ಸ್ನೇಹಿತರ ವಿಷಯ. ಅಪ್ಪನ ಆತಂಕ ನನಗೆ ಅರ್ಥವಾಗುತ್ತದೆ. 120 ಅರ್ಜಿಗೆ ಎರಾಸ್ ಶುಲ್ಕವೇ 3 ಸಾವಿರ ಡಾಲರ್ ಹತ್ತಿರ ಆಗಿರುತ್ತದೆ, ಅದಕ್ಕೆ ಮೊದಲು ಪರೀಕ್ಷೆಗಳ ಖರ್ಚು, ಮಿಷಿಗನ್ ಖರ್ಚು. ಕೈಕಟ್ಟಿ ಕೂರುವುದು ಅವರಿಗೆ ಕಷ್ಟ. ಆದರೆ ನಿಮ್ಮ ಕೆಲಸವನ್ನು ಕಣ್ಣಾರೆ ನೋಡದವರ ಶಿಫಾರಸಿಗೆ ಇಲ್ಲಿ ತೂಕ ಇಲ್ಲ. ‘ನನ್ನ ಗೆಳೆಯನ ಮಗಳು’ ಅಂದರೆ ಕೇಳಿದವರಿಗೆ ಮುಜುಗರವಾಗುತ್ತದೆ. ಆ ಡಾಕ್ಟರ್ ತಾವೇ ಕಲಿಸುವ ಆಸ್ಪತ್ರೆಗೆ ನೀವು ಅರ್ಜಿ ಹಾಕಿದ್ದರೆ ಬೇರೆ ಮಾತು. ಅವರು ನಿಮ್ಮೊಂದಿಗೆ ಅರ್ಧ ಗಂಟೆ ವಿಡಿಯೋ ಕಾಲ್‌ನಲ್ಲಿ ಮಾತಾಡಲಿ, ನಿಮ್ಮ ಸಿವಿ ಓದಲಿ. ಆಮೇಲೆ ಅವರಿಗೇ ಅನ್ನಿಸಿದರೆ ‘ಈ ಅರ್ಜಿ ಒಮ್ಮೆ ನೋಡಿ’ ಅಂತ ಒಂದು ಸಾಲು ಬರೆಯಲಿ. ಅದಕ್ಕಿಂತ ಮಿಷಿಗನ್‌ನಲ್ಲಿ ನಿಮಗೆ ಲೆಟರ್ ಕೊಟ್ಟ ಡಾಕ್ಟರ್ ಹತ್ತು ಪಾಲು ಮೇಲು. ಇಂಥಿಂಥ ಮೂರು ಕಡೆ ನಿಮಗೆ ಪರಿಚಯ ಇದೆಯಾ, ಒಂದು ಮೇಲ್ ಬರೆಯುತ್ತೀರಾ ಅಂತ ಅವರನ್ನು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ. ಇಲ್ಲಿ ಅದು ನಡೆಯುವ ಪದ್ಧತಿ, ಅವರಿಗೆ ಆಗದಿದ್ದರೆ ಆಗುವುದಿಲ್ಲ ಅಂತ ಹೇಳುತ್ತಾರೆ. ಸೀನಿಯರ್ ರೆಸಿಡೆಂಟ್‌ಗಳನ್ನೂ ಹಾಗೇ ಕೇಳಿ. ಅವರಿಗೆ ಮೊದಲ ಮಾತಿನಲ್ಲೇ ‘ಇಂಟರ್‌ವ್ಯೂ ಕೊಡಿಸಿ ಅಣ್ಣ’ ಅನ್ನುವ ಬದಲು ಪ್ರೋಗ್ರಾಂ ಹೇಗಿದೆ, ಈ ವರ್ಷ ಇನ್ನೂ ಕರೆಯುತ್ತಿದ್ದಾರಾ ಅಂತ ವಿಚಾರಿಸಿ. ‘ನಾನು ಮಾತಾಡ್ತೀನಿ ಇರು’ ಅಂತ ಬಹಳ ಜನ ತಾವೇ ಹೇಳುತ್ತಾರೆ.

ದುಡ್ಡು ಕೊಟ್ಟರೆ ಇಂಟರ್‌ವ್ಯೂ ಖಾತ್ರಿ ಅನ್ನುವವರು ಈ ತಿಂಗಳಲ್ಲಿ ನಿಮ್ಮ ಫೋನ್‌ಗೆ ಬಂದೇ ಬರುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ.

ಹದಿನೈದು ಕಡೆಗೂ ‘ನೀವೇ ನನ್ನ ಮೊದಲ ಆಯ್ಕೆ’ ಅಂತ ಬರೆಯಬೇಡಿ. ಇಂಟರ್‌ವ್ಯೂಗೆ ಮೊದಲು ಬರೆಯುವುದು ಆಸಕ್ತಿಯ ಮೇಲ್. ‘ನನ್ನ ಆಯ್ಕೆಪಟ್ಟಿಯಲ್ಲಿ ನಿಮ್ಮನ್ನೇ ಮೊದಲ ರ‍್ಯಾಂಕ್ ಮಾಡುತ್ತೇನೆ’ ಅನ್ನುವುದು ಇಂಟರ್‌ವ್ಯೂ ಎಲ್ಲ ಮುಗಿದ ಮೇಲೆ ಒಂದೇ ಒಂದು ಕಡೆಗೆ, ನಿಜವಾಗಿದ್ದರೆ ಮಾತ್ರ ಕೊಡುವ ಮಾತು. ಡೈರೆಕ್ಟರ್‌ಗಳು ಪರಸ್ಪರ ಪರಿಚಯದವರು, ಇಂಥ ವಿಷಯ ಅವರ ನಡುವೆ ಹರಿದಾಡುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಇದನ್ನು ಅಪ್ಪನಿಗೂ ಓದಿ ಹೇಳಿ. ಈ ಸೀಸನ್‌ನ ಮ್ಯಾಚ್ ವೀಕ್, ಅಂದರೆ ಫಲಿತಾಂಶದ ವಾರ, 2026ರ ಮಾರ್ಚ್ 16ರ ಸೋಮವಾರ ಶುರು. ಅಂದು ಮ್ಯಾಚ್ ಆಯಿತೋ ಇಲ್ಲವೋ, ಅಂದರೆ ಸೀಟು ಸಿಕ್ಕಿತೋ ಇಲ್ಲವೋ ತಿಳಿಯುತ್ತದೆ. ಆಗದವರಿಗೆ ಸೋಪ್ ಅಂತ ಇದೆ, ಉಳಿದ ಸೀಟುಗಳಿಗೆ 45 ಪ್ರೋಗ್ರಾಂವರೆಗೆ ಅರ್ಜಿ ಹಾಕಬಹುದು, ಗುರುವಾರ ಸುತ್ತು ಸುತ್ತಾಗಿ ಆಫರ್ ಬರುತ್ತವೆ. ಆ ದಿನಗಳಲ್ಲಿ ಪ್ರೋಗ್ರಾಂನವರು ತಾವಾಗಿ ಸಂಪರ್ಕಿಸುವವರೆಗೆ ನೀವು ಮೇಲ್ ಬರೆಯುವಂತಿಲ್ಲ, ಫೋನ್ ಮಾಡುವಂತಿಲ್ಲ. ನಿಮ್ಮ ಪರವಾಗಿ ಅಪ್ಪ, ಅಪ್ಪನ ಸ್ನೇಹಿತರು, ಲೆಟರ್ ಕೊಟ್ಟ ಡಾಕ್ಟರ್ ಯಾರೂ ಮಾಡುವಂತಿಲ್ಲ. ಮಾಡಿದರೆ ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯ ನಿಯಮ ಮುರಿದ ಹಾಗೆ. ಈಗ ನಾನು ಬರೆಯಿರಿ ಅಂತ ಹೇಳಿದ್ದೆಲ್ಲ ಆ ವಾರಕ್ಕೆ ಅನ್ವಯಿಸುವುದಿಲ್ಲ. ಸೋಪ್ ಪೂರ್ತಿ ಮುಗಿದ ಮೇಲೂ ಖಾಲಿ ಉಳಿದ ಕಡೆಗೆ ಮತ್ತೆ ಬರೆಯಬಹುದು.

2025ರ ಮ್ಯಾಚ್‌ನಲ್ಲಿ ಅಮೆರಿಕದ ಪೌರರಲ್ಲದ ವಿದೇಶಿ ಪದವೀಧರರಲ್ಲಿ ಶೇ 58 ಜನಕ್ಕೆ ಸೀಟು ಸಿಕ್ಕಿತು. ಅಮೆರಿಕದಲ್ಲೇ ಎಂ.ಡಿ. (ನಮ್ಮ ಎಂಬಿಬಿಎಸ್‌ನಂಥ ಪದವಿ) ಓದುವ ಕೊನೆ ವರ್ಷದವರಲ್ಲಿ ಶೇ 93.5. ಈ ಅಂತರ ನಿಮ್ಮೊಬ್ಬರ ತಪ್ಪಿನಿಂದ ಆದದ್ದಲ್ಲ. ಆಸ್ಪತ್ರೆ ಕೆಲಸ ಮಾತ್ರ ಬಿಡಬೇಡಿ. ಮುಂದಿನ ವರ್ಷ ಮತ್ತೆ ಹಾಕಬೇಕಾಗಿ ಬಂದರೆ ಈ ವರ್ಷ ರೋಗಿಗಳ ಜೊತೆ ಕಳೆದ ತಿಂಗಳುಗಳೇ ನಿಮ್ಮ ಅರ್ಜಿಯ ಬಲ.

ಕೈಯಲ್ಲಿರುವ ಆ ಒಂದು ಇಂಟರ್‌ವ್ಯೂ ಬಗ್ಗೆ ನೀವು ಏನೂ ಕೇಳಲಿಲ್ಲ. ಒಂದೇ ಒಂದರಿಂದ ಮ್ಯಾಚ್ ಆದವರು ನನಗೆ ಗೊತ್ತಿದ್ದಾರೆ, ನನ್ನ ಜೊತೆಯೇ ಕೆಲಸ ಮಾಡುತ್ತಾರೆ. ಮೇಲ್‌ಗಳಿಗೆ ಐದು ಸಂಜೆ ಕೊಡಿ, ಉಳಿದ ಸಂಜೆಗಳೆಲ್ಲ ಅದಕ್ಕಿರಲಿ. ನಿಮ್ಮ ಪಿಎಚ್‌ಸಿಯ ಮೂರು ರೋಗಿಗಳ ಕತೆಯನ್ನು ಎರಡೆರಡು ನಿಮಿಷದಲ್ಲಿ ಇಂಗ್ಲಿಷ್‌ನಲ್ಲಿ ಹೇಳಿ ಅಭ್ಯಾಸ ಮಾಡಿ, ಗೆಳತಿಯ ಎದುರು ಜೋರಾಗಿ. ಈಸ್ಟರ್ನ್ ಸಮಯ ಬೆಳಿಗ್ಗೆ ಎಂಟು ಅಂದರೆ ನಿಮ್ಮಲ್ಲಿ ಸಂಜೆ ಆರೂವರೆ. ಊರಲ್ಲಿ ಆ ಹೊತ್ತಿಗೆ ಕರೆಂಟ್ ಹೋಗುವುದಿದ್ದರೆ ಹಿಂದಿನ ದಿನವೇ ದಾವಣಗೆರೆಯಲ್ಲಿ ಯುಪಿಎಸ್ ಇರುವ ನೆಂಟರ ಮನೆಗೆ ಹೋಗಿಬಿಡಿ. ಲ್ಯಾಪ್‌ಟಾಪ್ ಪಕ್ಕದಲ್ಲಿ ಹಾಟ್‌ಸ್ಪಾಟ್‌ಗೆ ಇನ್ನೊಂದು ಕಂಪನಿಯ ಸಿಮ್ ಇರುವ ಫೋನ್ ಚಾರ್ಜ್ ಆಗಿರಲಿ.